ಮೊದಲ ಟ್ರಿಪ್ಪಿನ ಗಾಡಿ

ಎಷ್ಟು ಕೊಟ್ಟಿರಿ ಎಂದು ಮಾತ್ರ ಕೇಳಬೇಡಿ. ಆ ಗಾಡಿ ಬಂದ ದಿನದಿಂದ ಮಸ್ಕತ್ತಿನ ಅಲ್ ಹೈಲಿನ ನಮ್ಮ ಕಟ್ಟಡದಲ್ಲಿ ಲಿಫ್ಟಿಗೆ ನಿಂತವರು, ಕಸ ಹಾಕಲು ಇಳಿದವರು, ಕೆಳಗಿನ ಅಂಗಡಿಯವನು, ಎಲ್ಲರೂ ಅದನ್ನೇ ಕೇಳಿದರು. ಹೇಳಲಿಲ್ಲ. ಇಲ್ಲಿಯೂ ಹೇಳುವುದಿಲ್ಲ. ಬಳೆ ಮಾಡಿಸಬೇಕೆಂದು ಇಟ್ಟುಕೊಂಡದ್ದರಲ್ಲಿ ಗಾಡಿ ತೆಗೆದೆ, ಅಷ್ಟು ಗೊತ್ತಾದರೆ ಸಾಕು. ಬಳೆಯನ್ನು ನಾನು ಹೊತ್ತುಕೊಂಡು ತಿರುಗಬೇಕು. ಗಾಡಿ ನನ್ನನ್ನು ಹೊತ್ತುಕೊಂಡು ತಿರುಗುತ್ತದೆ.

ನಾನು ಉಡುಪಿ ಕಡೆಯವಳು. ಐದನೇ ಕ್ಲಾಸಿಗೆ ಶಾಲೆ ಬಿಟ್ಟೆ, ಆದರೆ ಆಯುಷ್ಯದ ಅರ್ಧ ಶಾಲೆಯ ಬಸ್ಸಿನಲ್ಲೇ ಕಳೆಯಿತು. ಗಂಡ ತೀರಿಕೊಂಡ ಮೇಲೆ ಮಗಳನ್ನು ಅಮ್ಮನ ಹತ್ತಿರ ಬಿಟ್ಟು ಮಸ್ಕತ್ತಿಗೆ ಬಂದೆ. ಶಾಲೆಯ ಬಸ್ಸಿನಲ್ಲಿ ಮಕ್ಕಳನ್ನು ಹತ್ತಿಸುವುದು, ಇಳಿಸುವುದು, ವಾಂತಿ ಮಾಡಿದವರ ಬಾಯಿ ಒರೆಸುವುದು ನನ್ನ ಕೆಲಸ. ಮಕ್ಕಳು ನನ್ನನ್ನು ಬಸ್ ಆಂಟಿ ಎನ್ನುತ್ತಾರೆ. ಮಗಳು ದೊಡ್ಡವಳಾಗಿ ಮೈಸೂರಿನ ಹುಡುಗನನ್ನು ಮದುವೆಯಾಗಿ ಇಲ್ಲಿಗೇ ಬಂದಳು. ಅಳಿಯನಿಗೆ ಬೌಷರಿನಲ್ಲಿ ಆಫೀಸು, ಎಣ್ಣೆ ಬಾವಿಗಳಿಗೆ ಪೈಪು ಒದಗಿಸುವ ಒಂದು ಕಂಪೆನಿ. ಮದುವೆಯಾಗಿ ತುಂಬ ಕಾಲ ಕಾದ ಮೇಲೆ ಒಂದು ಮಗು ಹುಟ್ಟಿತು. ನನ್ನ ಮೊಮ್ಮಗಳು. ಅವಳ ವಿಷಯ ಹೇಳಲು ಕೂತರೆ ಗಾಡಿಯ ಕಥೆ ನಿಂತುಹೋಗುತ್ತದೆ. ಅವಳ ಗಲ್ಲ ನೋಡಿದರೆ ನನಗೆ ಈಗಲೂ ಹೊಟ್ಟೆ ತುಂಬುತ್ತದೆ ಎಂದಷ್ಟೇ ಬರೆದು ಮುಂದೆ ಹೋಗುತ್ತೇನೆ.

ಎಣ್ಣೆಯ ಬೆಲೆ ಬಿದ್ದ ವರ್ಷಗಳು ಅವು. ಬೆಲೆ ಬಿದ್ದದ್ದು ಪೇಪರಿನವರಿಗೆ ಹೇಗೆ ಗೊತ್ತಾಯಿತೋ, ನನಗೆ ಬಸ್ಸಿನಲ್ಲಿ ಗೊತ್ತಾಯಿತು. ಇಲ್ಲಿ ವಾರದ ಶಾಲೆ ಶುರುವಾಗುವುದು ಭಾನುವಾರ. ಒಂದು ಭಾನುವಾರ ಕಿಟಕಿಯ ಪಕ್ಕದ ಸೀಟು ಖಾಲಿ. ಮರುವಾರ ಅದರ ಹಿಂದಿನದು. "ಎಲ್ಲಿ ಮಗಾ ನಿನ್ನ ಫ್ರೆಂಡು?" ಎಂದರೆ "ಗಾನ್ ಬ್ಯಾಕ್ ಆಂಟಿ" ಎಂದು ಮಕ್ಕಳು ಚಾಕಲೇಟ್ ಸುಲಿಯುತ್ತಾ ಹೇಳುತ್ತಿದ್ದವು. ಕಟ್ಟಡದ ಲಿಫ್ಟಿನೊಳಗೆ ಸೋಫಾ ಮಾರಾಟಕ್ಕಿದೆ, ವಾಷಿಂಗ್ ಮೆಷಿನ್ ಮಾರಾಟಕ್ಕಿದೆ ಎಂಬ ಚೀಟಿಗಳು ಒಂದರ ಮೇಲೊಂದು. ಅಳಿಯನ ಆಫೀಸಿನಲ್ಲಿ ಅವರ ಎಡಗಡೆಯ ಕುರ್ಚಿ ಖಾಲಿಯಾಯಿತು, ಆಮೇಲೆ ಬಲಗಡೆಯದು. ಅವರು ರಾತ್ರಿ ಊಟಕ್ಕೆ ಕೂತಾಗ ಫೋನನ್ನು ತಟ್ಟೆಯ ಪಕ್ಕದಲ್ಲಿ ಮಗುಚಿ ಇಡಲು ಶುರುಮಾಡಿದರು.

ಇಂಥ ಹೊತ್ತಿನಲ್ಲಿ ಗಾಡಿ ತೆಗೆದ ಮುದುಕಿಗೆ ತಲೆ ಸರಿ ಉಂಟಾ ಎಂದು ನೀವೂ ಕೇಳಬಹುದು. ಅದಕ್ಕೆ ಉತ್ತರ ಸೆಕೆಂಡ್ ಟ್ರಿಪ್.

ನಮ್ಮ ಕನ್ನಡದವರ ಸಂಘದಿಂದ ನವರಾತ್ರಿ ಮುಗಿದ ಮೇಲಿನ ಶುಕ್ರವಾರ ಪಿಕ್ನಿಕ್ ಹೋಗುವುದು ರೂಢಿ. ಬೆಟ್ಟಗಳ ನಡುವೆ ಒಂದು ವಾದಿ ಉಂಟು. ವಾದಿ ಎಂದರೆ ಮಳೆ ಬಿದ್ದಾಗ ಮಾತ್ರ ಹೊಳೆಯಾಗುವ ಕಲ್ಲಿನ ಕಣಿವೆ. ಈ ವಾದಿಯ ಮೇಲ್ತುದಿಯಲ್ಲಿ ಮಾತ್ರ ವರ್ಷವಿಡೀ ನೀರಿರುವ ಹಸಿರು ಗುಂಡಿ, ಅದರ ಸುತ್ತ ಖರ್ಜೂರದ ಮರಗಳು. ಡಾಂಬರು ಅಲ್ಲಿಯವರೆಗೆ ಹೋಗುವುದಿಲ್ಲ. ಕೆಳಗಿನ ಹಳ್ಳಿಯ ಹತ್ತಿರ ಮುಗಿದುಹೋಗುತ್ತದೆ, ಆಮೇಲೆ ಬರೀ ಕಲ್ಲು ಮತ್ತು ಏರು. ಫೋರ್‌ವೀಲ್ ಗಾಡಿ, ಎಂದರೆ ನಾಲ್ಕು ಚಕ್ರವೂ ಒಟ್ಟಿಗೆ ಎಳೆಯುವ ಗಾಡಿ, ಇದ್ದವರು ಸೀದಾ ಹತ್ತುತ್ತಾರೆ. ಸಣ್ಣ ಕಾರಿನವರು ಡಾಂಬರು ಮುಗಿದಲ್ಲಿ ನಿಂತು ಕಾಯಬೇಕು. ಮೇಲೆ ಹೋದವರು ಮನೆಯವರನ್ನು ಇಳಿಸಿ, ಕುರ್ಚಿ ಹಾಕಿ, ನೀರಿಗೆ ಕಾಲು ಬಿಟ್ಟು, ನಮ್ಮ ನೆನಪಾದಾಗ ಗಾಡಿಯನ್ನು ಕೆಳಗೆ ಕಳುಹಿಸುತ್ತಾರೆ. ಅದು ಸೆಕೆಂಡ್ ಟ್ರಿಪ್. ಊಟ ಮಧ್ಯಾಹ್ನಕ್ಕೆ ತಾನೆ ಎಂದು ಅಡಿಗೆಯ ಪಾತ್ರೆಗಳೂ ಸೆಕೆಂಡ್ ಟ್ರಿಪ್ಪಿಗೆ. ಅಡಿಗೆ ನನ್ನದಾದ್ದರಿಂದ ಪಾತ್ರೆಗಳ ಜೊತೆ ನಾನು, ನನ್ನ ಜೊತೆ ನಮ್ಮ ಮನೆಯವರು.

ನಾನು ಗಾಡಿ ತೆಗೆಯುವ ಹಿಂದಿನ ವರ್ಷದ ಪಿಕ್ನಿಕ್ಕಿನ ಮಾತು. ಮೊಮ್ಮಗಳು ಸಾಂಬಾರಿನ ತಪಲೆಗೆ ಒರಗಿ ಕೂತು ಬಹಳ ಹೊತ್ತು ಕಲ್ಲುಗಳನ್ನು ಜೋಡಿಸುತ್ತಿದ್ದಳು. ಮೇಲಿನಿಂದ ಮಕ್ಕಳು ನೀರಿಗೆ ಹಾರುವ ಸದ್ದು ಕಣಿವೆಯಲ್ಲಿ ಕೇಳುತ್ತಿತ್ತು. ಅವಳು ತಲೆ ಎತ್ತಿ ಕೇಳಿದಳು, "ಅಜ್ಜಿ, ಆರ್ ವಿ ಸೆಕೆಂಡ್ ಟ್ರಿಪ್ ಪೀಪಲ್?"

"ಹಾಗೆಲ್ಲ ಕೇಳಬಾರದು," ಎಂದಳು ಮಗಳು.

ಏಕೆ ಕೇಳಬಾರದು? ಬಹಳ ಸರಿಯಾದ ಪ್ರಶ್ನೆ ಅದು. ನಾನು ವರ್ಷಗಟ್ಟಲೆ ಅಲ್ಲಿ ಕೂತಿದ್ದೆ, ನನಗದು ಹೊಳೆದಿರಲೇ ಇಲ್ಲ. ನಾನು ಕೂತರೆ ಏನೂ ಇಲ್ಲ, ಬೇಕಾದಷ್ಟು ಕಡೆ ಕೂತಿದ್ದೇನೆ. ಆದರೆ ಈ ಮಗು ತಾನು ಅಂಥವರ ಪೈಕಿ ಎಂದು ಮನಸ್ಸಿನಲ್ಲಿ ಬರೆದುಕೊಂಡು ದೊಡ್ಡದಾಗುವುದು ನನ್ನ ಜೀವ ಇರುವವರೆಗೆ ಆಗಲಿಕ್ಕಿಲ್ಲ. ಮನೆಗೆ ಬರುವ ದಾರಿಯಲ್ಲಿ ಖಾಲಿ ತಪಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಹೇಳಿದೆ, "ನಾನೊಂದು ಫೋರ್‌ವೀಲ್ ತಕ್ಕೊಳ್ತೇನೆ."

ಅಳಿಯ ಕಾರಿನ ಕನ್ನಡಿಯಲ್ಲಿ ನನ್ನನ್ನು ನೋಡಿದರು. "ಅತ್ತೆ, ಊರೆಲ್ಲಾ ಮಾರ್ತಾ ಇದಾರೆ. ನೀವು ತಗೋತೀನಿ ಅಂತೀರಲ್ಲ."

"ಎಲ್ಲರೂ ಮಾರುವಾಗಲೇ ಅಲ್ವಾ ತಕ್ಕೊಳ್ಳುವುದು?"

"ನಮ್ಮ ಕೈಗೆ ಎಟುಕೋದು ಅಂದ್ರೆ ಅಜ್ಜನ ಕಾಲದ್ದೇ ಸಿಗೋದು."

"ಸಿಗಲಿ. ನಾನೂ ಅಜ್ಜಿಯ ಕಾಲದವಳೇ."

ಲೈಸೆನ್ಸ್ ನನಗೆ ಮೊದಲೇ ಇತ್ತು. ಒಮಾನಿನಲ್ಲಿ ಲೈಸೆನ್ಸ್ ತೆಗೆಯುವುದು ಎಂಥ ಕೆಲಸ ಎಂದು ಇಲ್ಲಿದ್ದವರನ್ನು ಕೇಳಿ. ಕಬ್ಬಿಣದ ಡ್ರಮ್ಮುಗಳ ನಡುವೆ ಹಿಂದಕ್ಕೆ ಓಡಿಸಿ ನಿಲ್ಲಿಸಬೇಕು, ಒಂದಕ್ಕೆ ತಾಗಿದರೂ ಮನೆಗೆ. ದೊಡ್ಡ ದೊಡ್ಡ ಎಂಜಿನಿಯರುಗಳು ಅತ್ತುಕೊಂಡು ಬಂದಿದ್ದಾರೆ. ನಾನೂ ಬಹಳ ಸಲ ತಾಗಿಸಿದೆ. ಕಲಿಸುವ ಒಮಾನಿ ಹೆಂಗಸು ಪ್ರತಿ ಸಲವೂ "ಬುಕ್ರಾ" ಎನ್ನುತ್ತಿದ್ದಳು, ನಾಳೆ. ನಾಳೆ ನಾಳೆ ಎಂದು ಒಂದು ದಿನ ಪಾಸಾಯಿತು. ಅಳಿಯನ ಕಾರಿನಲ್ಲಿ ಮೀನಿನ ಮಾರ್ಕೆಟ್ಟಿಗೆ ಹೋಗಿ ಬರುವಷ್ಟು ಕೈ ಪಳಗಿತ್ತು.

ಗಾಡಿಯ ಸುದ್ದಿ ತಂದದ್ದು ನಮ್ಮ ಬಸ್ಸಿನ ಡ್ರೈವರು. ಇಬ್ರಿ ಕಡೆಯ ಒಮಾನಿ, ನನ್ನನ್ನು ಖಾಲಾ ಎನ್ನುತ್ತಾನೆ, ಚಿಕ್ಕಮ್ಮ ಎಂದ ಹಾಗೆ. ನಮ್ಮಿಬ್ಬರ ಮಾತೆಲ್ಲ ಹಿಂದಿಯಲ್ಲಿ, ಇಬ್ಬರದ್ದೂ ತಪ್ಪು ಹಿಂದಿ. ಅವನ ದೊಡ್ಡಪ್ಪನ ತೋಟದಲ್ಲಿ ಒಂದು ಹಳೆಯ ಫೋರ್‌ವೀಲ್ ನಿಂತಿದೆ, ಮುದುಕರಿಗೆ ಕಣ್ಣು ಮಂಜಾಗಿ ಓಡಿಸಲಾಗುತ್ತಿಲ್ಲ ಎಂದ. ಒಂದು ರಜೆಯ ದಿನ ಮಗಳನ್ನೂ ಮೊಮ್ಮಗಳನ್ನೂ ಕರೆದುಕೊಂಡು ಅವನ ಜೊತೆ ಇಬ್ರಿಗೆ ಹೊರಟೆ. ಅಳಿಯ ಬರಲಿಲ್ಲ. "ನಾನು ಬಂದ್ರೆ ಒಪ್ಪಿದ ಹಾಗೆ ಆಗುತ್ತೆ," ಎಂದರು.

ಖರ್ಜೂರದ ನೆರಳಿನಲ್ಲಿ ಅದು ನಿಂತಿತ್ತು. ಜಪಾನಿನವರು ಮಾಡಿದ ಚಚ್ಚೌಕದ ಗಾಡಿ, ನನ್ನ ಮಗಳಿಗಿಂತ ಹಳೆಯದು. ಒಣಹುಲ್ಲಿನ ಬಣ್ಣ, ಬಿಳಿ ತಲೆ, ಎರಡು ದುಂಡು ಲೈಟು. ಅದರ ಮುಖದಲ್ಲಿ ಸುಳ್ಳಿಲ್ಲ ಎಂದು ನನಗೆ ನೋಡಿದ ಕೂಡಲೇ ಅನ್ನಿಸಿತು. ಹಿಂದುಗಡೆ ಎದುರುಬದುರು ಎರಡು ಉದ್ದ ಬೆಂಚು. ಒಳಗೆ ಆಡಿನ ವಾಸನೆ, ಮೂಲೆಯಲ್ಲಿ ಒಣಗಿದ ಖರ್ಜೂರದ ಬೀಜಗಳು. ಮೊಮ್ಮಗಳು ಹಿಂದಿನಿಂದ ಹತ್ತಿ ಈ ಬೆಂಚಿನಿಂದ ಆ ಬೆಂಚಿಗೆ ಹಾರಲು ಶುರುಮಾಡಿದಳು.

ದೊಡ್ಡಪ್ಪ ಚಾಪೆಯ ಮೇಲೆ ಕೂತು ಕಾವಾ ಸುರಿದರು, ಏಲಕ್ಕಿ ಹಾಕಿದ ಕಪ್ಪು ಕಾಫಿ. ಅರಬಿಯಲ್ಲಿ ಏನೋ ಕೇಳಿದರು. ಡ್ರೈವರು ನನಗೆ ಹಿಂದಿಯಲ್ಲಿ ಹೇಳಿದ, "ಓಡಿಸುವವರು ಯಾರು ಅಂತ ಕೇಳುತ್ತಿದ್ದಾರೆ."

"ನಾನು."

ಮುದುಕರು ನನ್ನ ಸೀರೆಯನ್ನೂ ಚಪ್ಪಲಿಯನ್ನೂ ನೋಡಿ ನಕ್ಕರು. ಕೊಡುವುದಿಲ್ಲ ಎನ್ನಲಿಲ್ಲ, ಕೊಡುತ್ತೇನೆ ಎಂದೂ ಹೇಳಲಿಲ್ಲ. ಇಲ್ಲಿ ಕಾಫಿ ಸಾಕಾದರೆ ಬಟ್ಟಲನ್ನು ಅಲ್ಲಾಡಿಸಿ ತೋರಿಸಬೇಕು, ಇಲ್ಲದಿದ್ದರೆ ಅವರು ಸುರಿಯುತ್ತಲೇ ಇರುತ್ತಾರೆ. ನಾನು ಅಲ್ಲಾಡಿಸಲಿಲ್ಲ. ಅವರು ಸುರಿದರು, ನಾನು ಕುಡಿದೆ, ಮತ್ತೆ ಸುರಿದರು, ಮತ್ತೆ ಕುಡಿದೆ. ಮಗಳು ಮೊಣಕೈಯಲ್ಲಿ ತಿವಿದಳು. "ಅಮ್ಮ, ಹೂಜಿ ಖಾಲಿಯಾಗ್ತದೆ."

"ಖಾಲಿಯಾದ ಮೇಲೆ ಅವರು ಮಾತಾಡಲೇಬೇಕಲ್ಲ," ಎಂದೆ.

ಕೊನೆಗೆ ಮುದುಕರು ಕೀಲಿ ಕೊಟ್ಟು ತೋಟಕ್ಕೆ ಒಂದು ಸುತ್ತು ಹಾಕು ಎಂದರು. ಸ್ಟೇರಿಂಗ್ ಎಂದರೆ ಒರಳುಕಲ್ಲು ತಿರುಗಿಸಿದ ಹಾಗೆ. ಕ್ಲಚ್ ತುಳಿಯಲು ಸೀಟಿನ ತುದಿಗೆ ಜಾರಬೇಕಾಯಿತು. ಎರಡು ಸಲ ಬಂದ್ ಬಿತ್ತು, ಮೂರನೆಯ ಸಲ ಕೆಮ್ಮಿ ಹೊರಟಿತು. ಸುತ್ತು ಹಾಕಿ ಬಂದು ಚಾಪೆಯ ಹತ್ತಿರವೇ ನಿಲ್ಲಿಸಿದೆ. ಅವರು ಗಾಡಿಯ ಬಾಗಿಲನ್ನು ಸವರಿ ಒಂದೇ ಮಾತು ಹೇಳಿದರು. ಡ್ರೈವರು ತಿಳಿಸಿದ, "ಸಕ್ರಾಬಿಗೆ ಕೊಡಬಾರದಂತೆ, ಖಾಲಾ. ಅಷ್ಟೇ." ಸಕ್ರಾಬ್ ಎಂದರೆ ಹಳೆಯ ಗಾಡಿಗಳನ್ನು ಕತ್ತರಿಸುವ ಜಾಗ. ನಾನು ಎದೆಯ ಮೇಲೆ ಕೈ ಇಟ್ಟು ಇಲ್ಲ ಎಂದೆ. ಆಮೇಲೆ ಬಟ್ಟಲು ಅಲ್ಲಾಡಿಸಿದೆ.

ಮುಲ್ಕಿಯಾ, ಎಂದರೆ ಗಾಡಿಯ ಕಾರ್ಡು, ನನ್ನ ಹೆಸರಿನಲ್ಲಿ ಬಂತು. ಅದರ ಮೇಲೆ ನನ್ನ ಹೆಸರು ಅರಬಿಯಲ್ಲಿ ಉಂಟು ಎಂದು ಡ್ರೈವರು ಹೇಳಿದ. ನನಗೆ ಕನ್ನಡವನ್ನೇ ಬೆರಳಿಟ್ಟು ಓದಿ ಅಭ್ಯಾಸ. ಮೊಮ್ಮಗಳಿಗೆ ಶಾಲೆಯಲ್ಲಿ ಅರಬಿ ಉಂಟು. ಅವಳು ಕಾರ್ಡು ಹಿಡಿದು ಬಲದಿಂದ ಎಡಕ್ಕೆ ಒಂದೊಂದೇ ಅಕ್ಷರ ಕೂಡಿಸಿ, ನಡುವೆ ತಡೆದು, ನನ್ನ ಹೆಸರನ್ನು ಗಟ್ಟಿಯಾಗಿ ಓದಿದಳು. ಆವತ್ತು ನಾನು ಪಾಯಸ ಮಾಡಿದೆ.

ಅಳಿಯನ ಬಿಳಿ ಕಾರಿನ ಪಕ್ಕದಲ್ಲಿ ಅದನ್ನು ನಿಲ್ಲಿಸಿದಾಗ ಮದುವೆಮನೆಗೆ ದನಕಾಯುವವನು ಬಂದ ಹಾಗೆ ಕಂಡಿತೇನೋ. ನನಗೆ ಹಾಗೆ ಕಾಣಲಿಲ್ಲ. ಬಿಳಿ ಕಾರುಗಳೆಲ್ಲ ಸಾಬೂನಿನ ಬಿಲ್ಲೆಗಳ ಹಾಗೆ ಒಂದೇ ರೀತಿ. ಸಂಜೆ ಸಂಜೆ ನಾನೂ ಮೊಮ್ಮಗಳೂ ಬಾಲ್ದಿ ಹಿಡಿದುಕೊಂಡು ಇಳಿಯುತ್ತಿದ್ದೆವು. ಬೆಂಚುಗಳನ್ನು ಸೀಗೆಪುಡಿ ಹಾಕಿ ತಿಕ್ಕಿದೆವು. ಆಡಿನ ವಾಸನೆ ಹೋಯಿತು, ಖರ್ಜೂರದ ವಾಸನೆ ಹೋಗಲಿಲ್ಲ, ಅದು ಇರಲಿ ಎಂದು ಬಿಟ್ಟೆವು. ನನ್ನ ಹಳೆಯ ಸೀರೆಯಿಂದ ಬೆಂಚಿಗೆ ಹೊದಿಕೆ ಹೊಲಿದೆ. ಮೊಮ್ಮಗಳು ಹೋಂವರ್ಕನ್ನು ಅಲ್ಲೇ ಕೂತು ಬರೆಯತೊಡಗಿದಳು. ಇದರಲ್ಲಿ ನಾಲ್ಕು ಚಕ್ರಕ್ಕೂ ಶಕ್ತಿ ಬರಬೇಕಾದರೆ ಕೆಳಗಿಳಿದು ಮುಂದಿನ ಒಂದೊಂದು ಚಕ್ರದ ನಟ್ಟನಡುವೆ ಇರುವ ತಿರುಗಣೆಯನ್ನು ಕೈಯಿಂದ ತಿರುಗಿಸಬೇಕು. ಆ ಕೆಲಸವನ್ನು ಅವಳು ತನ್ನದೆಂದು ಹೇಳಿ ತೆಗೆದುಕೊಂಡಳು. ಎರಡೂ ಕೈ ಹಾಕಿ, ನಾಲಿಗೆ ಕಚ್ಚಿ, ಟಕ್ ಎಂದು ತಿರುಗಿಸಿ, ಕೈಯ ಮಸಿಯನ್ನು ನನ್ನ ಸೆರಗಿಗೆ ಒರೆಸುವಳು.

ಅಳಿಯ ಕೆಟ್ಟವರಲ್ಲ. ಹೆದರಿದ್ದರು, ಅಷ್ಟೇ. ದಾರಿಯ ಮಧ್ಯ ಗಾಡಿ ನಿಂತರೆ ಆ ಬಿಸಿಲಿನಲ್ಲಿ ಮಗುವಿನ ಗತಿ ಏನು, ರಿಪೇರಿಗೆ ಎಲ್ಲಿಗೆ ಹೋಗುವುದು, ನಾಳೆ ತಮ್ಮ ಕುರ್ಚಿಯೇ ಖಾಲಿಯಾದರೆ ಇದನ್ನು ಯಾರು ಕೊಳ್ಳುವುದು, ಇವೆಲ್ಲ ಅವರ ತಲೆಯಲ್ಲಿ. ಒಂದು ದಿನ ಊಟದ ತಟ್ಟೆಯ ಮುಂದೆ ತೀರ್ಮಾನಕ್ಕೆ ಬಂದರು.

"ಅತ್ತೆ, ಒಂದು ಮಾತು. ಪಿಕ್ನಿಕ್ ದಿನ ಅದು ವಾದಿ ಹತ್ತಲಿ. ಹತ್ತಿದ್ರೆ ನಾನು ಇನ್ಯಾವತ್ತೂ ಬಾಯಿ ಬಿಡಲ್ಲ. ಹತ್ತಲಿಲ್ಲ ಅಂದ್ರೆ ಮಾರನೇ ದಿನ ಸಕ್ರಾಬ್‌ಗೆ. ಖಲಾಸ್."

ಇಬ್ರಿಯ ಮುದುಕರಿಗೆ ನಾನು ಎದೆ ಮುಟ್ಟಿ ಹೇಳಿದ ಮಾತು ಅವರಿಗೂ ಗೊತ್ತಿತ್ತು. ಆದರೂ ಆಗಲಿ ಎಂದೆ. ಹತ್ತುತ್ತದೆ ಎಂದು ಗೊತ್ತಿರುವವರು ಯಾವ ಮಾತಿಗೂ ಹೆದರಬೇಕಾಗಿಲ್ಲ.

ಅಷ್ಟರಲ್ಲಿ ಪಿಕ್ನಿಕ್ಕೇ ಇಲ್ಲವಾಗುವುದರಲ್ಲಿತ್ತು. ಸಂಘದ ಮೀಟಿಂಗಿನಲ್ಲಿ ಅಧ್ಯಕ್ಷರು ಎದ್ದುನಿಂತು, "ಈ ಸಲ ಫೋರ್‌ವೀಲಿನವರು ಹೆಚ್ಚಿನವರೆಲ್ಲ ಊರಿಗೆ ಹೋಗಿದ್ದಾರೆ. ಮೇಲೆ ಹೋಗುವುದು ಕಷ್ಟ. ಇಲ್ಲೇ ಪಾರ್ಕಿನಲ್ಲಿ ಮಾಡುವ," ಎಂದರು. ಅವರ ದೊಡ್ಡ ಕಪ್ಪು ಗಾಡಿಯೂ ಬೇಸಿಗೆಯಲ್ಲೇ ಮಾರಿಹೋಗಿತ್ತು. ಈಗ ಅವರದ್ದೂ ಸಣ್ಣ ಕಾರು. ಆ ವಿಷಯವನ್ನು ಯಾರೂ ಎತ್ತುತ್ತಿರಲಿಲ್ಲ.

ನಾನು ಹಿಂದೆ ಚಾ ಸೋಸುತ್ತಿದ್ದೆ. ಅಲ್ಲಿಂದಲೇ ಹೇಳಿದೆ, "ನನ್ನ ಗಾಡಿ ಉಂಟಲ್ಲ."

ಸಭೆಯಲ್ಲಿ ನಗು ಎದ್ದಿತು. ಅಧ್ಯಕ್ಷರೂ ನಕ್ಕರು. "ಅಕ್ಕ, ಅದು ಗಾಡಿಯಾ ಮ್ಯೂಸಿಯಮ್ಮಾ ಮಾರಾಯ್ರೆ?"

"ಮ್ಯೂಸಿಯಮ್ಮಿಗಾದರೆ ಟಿಕೇಟು ಉಂಟು. ಇದಕ್ಕೆ ಇಲ್ಲ. ಬರುವವರು ಬನ್ನಿ, ಬರದವರು ಪಾರ್ಕಿನಲ್ಲಿ ಜಾರುಬಂಡಿ ಆಡಿ."

ಹೆಂಗಸರ ಸಾಲಿನಿಂದ ಒಬ್ಬಳು, "ಅಕ್ಕ, ನಾನು ಬರ್ತೇನೆ," ಎಂದಳು. ಮತ್ತೊಬ್ಬಳು ಕೈ ಎತ್ತಿದಳು. ಎಲ್ಲ ಸೆಕೆಂಡ್ ಟ್ರಿಪ್ಪಿನವರೇ. ಇನ್ನೊಂದು ಫೋರ್‌ವೀಲ್ ಇದ್ದವರೂ ಬರುತ್ತೇನೆ ಎಂದರು. ಪಿಕ್ನಿಕ್ ಗಟ್ಟಿಯಾಯಿತು.

ಆಯುಧಪೂಜೆಯ ದಿನ ಗಾಡಿಗೆ ನಾನು ಮಾಡಿದ ಅಲಂಕಾರವನ್ನು ನೋಡಲು ಪಕ್ಕದ ಕಟ್ಟಡದವರೂ ಬಂದರು. ಊರಿನಿಂದ ವಿಮಾನದಲ್ಲಿ ಬಂದ ಸೇವಂತಿಗೆ, ಗೊಂಡೆಹೂವು, ಮಾವಿನೆಲೆ. ಬರೀ ಮಾಲೆಯಾದರೆ ಹೈವೇಯ ಗಾಳಿಗೆ ಹರಿದುಹೋಗುತ್ತದೆ ಎಂದು ನಾನೂ ಮಗಳೂ ಹೂವನ್ನು ಗೋಣಿಬಟ್ಟೆಯ ಪಟ್ಟಿಗೆ ಒತ್ತೊತ್ತಾಗಿ ಹೊಲಿದು, ಎರಡು ಲೈಟುಗಳ ನಡುವಿನ ಜಾಗ ಪೂರ್ತಿ ಮುಚ್ಚುವ ಹಾಗೆ ಪರದೆ ಕಟ್ಟಿದೆವು. ಚಕ್ರಗಳಡಿ ಲಿಂಬೆಹಣ್ಣು ಇಟ್ಟು ಮುಂದಕ್ಕೆ ಓಡಿಸಿದೆ. ಪೂಜೆಯ ಹೂವನ್ನು ಕೈಯಾರೆ ತೆಗೆಯಬಾರದು, ಅದಾಗಿ ಒಣಗಿ ಉದುರಬೇಕು ಎಂದು ನಮ್ಮ ಅಮ್ಮ ಹೇಳುತ್ತಿದ್ದರು. ಹಾಗಾಗಿ ಶುಕ್ರವಾರವೂ ಗಾಡಿ ಮದುಮಗಳ ಹಾಗೆ ಹೂ ಮುಡಿದೇ ಹೊರಟಿತು.

ಡಾಂಬರು ಮುಗಿದಲ್ಲಿ ಎಲ್ಲರೂ ಸೇರಿದಾಗ ಇನ್ನೊಂದು ಫೋರ್‌ವೀಲಿನವರ ಫೋನು ಬಂತು. ಆಫೀಸಿನಿಂದ ತುರ್ತು ಕರೆ, ಬರಲಾಗುವುದಿಲ್ಲ. ಆ ವರ್ಷ ಅಂಥ ಕರೆ ಬಂದರೆ ಯಾರೂ ಏಕೆ ಎಂದು ಕೇಳುತ್ತಿರಲಿಲ್ಲ. ಅಷ್ಟು ಸಣ್ಣ ಕಾರುಗಳ ನಡುವೆ ಉಳಿದದ್ದು ನನ್ನದೊಂದೇ.

ಅಧ್ಯಕ್ಷರು ರೂಢಿಯ ಮೇಲೆ ಮುಂದಿನ ಸೀಟಿನ ಬಾಗಿಲಿಗೆ ಕೈ ಹಾಕಿದರು. "ಮೊದಲು ಕಮಿಟಿಯವರು ಹೋಗಿ ಜಾಗ ನೋಡ್ತೇವೆ, ಅಕ್ಕ."

"ಜಾಗ ಹೋದ ವರ್ಷ ಇದ್ದಲ್ಲೇ ಉಂಟು," ಎಂದೆ. "ಮೊದಲು ಪಾತ್ರೆ, ಪಾತ್ರೆ ಕಾಯುವವರು, ಮಕ್ಕಳು. ನೀವು ಸೆಕೆಂಡ್ ಟ್ರಿಪ್ಪಿಗೆ ಬನ್ನಿ."

ಅವರು ನಕ್ಕರು, ನಾನು ತಮಾಷೆ ಮಾಡುತ್ತಿದ್ದೇನೆ ಎಂದುಕೊಂಡು. ಆಮೇಲೆ ನಗು ನಿಲ್ಲಿಸಿದರು. ಹೆಂಗಸರು ಮಕ್ಕಳನ್ನು ತೊಡೆಯ ಮೇಲೆ ಇಟ್ಟುಕೊಂಡು ಎರಡೂ ಬೆಂಚು ತುಂಬಿದರು, ನಡುವೆ ತಪಲೆಗಳು. ಮೊಮ್ಮಗಳು ಇಳಿದು ಚಕ್ರದ ತಿರುಗಣೆ ತಿರುಗಿಸಿ ಬಂದು ನನ್ನ ಪಕ್ಕ ಕೂತಳು. ಯಲ್ಲಾ, ನಡಿ ಎಂದು ಗೇರು ಹಾಕಿದೆ.

ಮೊದಲ ತಿರುವು ಹತ್ತಿತು, ಎರಡನೆಯದೂ. ಕಲ್ಲಿನ ಮೇಲೆ ಗಾಡಿ ಆನೆಯ ಹಾಗೆ ತೂಗುತ್ತಾ ಹೋಗುತ್ತಿತ್ತು, ಹಿಂದೆ ಹೆಂಗಸರು ಒಬ್ಬರ ಮೇಲೊಬ್ಬರು ಬಿದ್ದು ನಗುತ್ತಿದ್ದರು. ನನಗೆ ಹಾಡಬೇಕು ಅನ್ನಿಸಿತು. ಮೂರನೆಯ ತಿರುವಿನ ಕಡಿದಾದ ಏರಿನಲ್ಲಿ ಬಿಸಿ ತೋರಿಸುವ ಮುಳ್ಳು ಕೆಂಪಿಗೆ ಬಂತು. ಮುಂದುಗಡೆಯಿಂದ ಬಿಳಿ ಹಬೆ. ಗಾಡಿ ಉಸಿರುಕಟ್ಟಿ ನಿಂತಿತು. ನಾನು ಹ್ಯಾಂಡ್‌ಬ್ರೇಕ್ ಎಳೆದೆ. ಮೊಮ್ಮಗಳು ಏನೂ ಕೇಳಲಿಲ್ಲ, ನನ್ನ ಕೈಯನ್ನು ಹಿಡಿದುಕೊಂಡಳು. ಕೇಳಿದ್ದರೆ ಸುಲಭವಿತ್ತು.

ಕೆಳಗಿನವರಿಗೆ ಹಬೆ ಕಂಡಿರಬೇಕು. ಅಳಿಯ ಮೊದಲು ಓಡಿಬಂದರು, ಹಿಂದೆ ಅಧ್ಯಕ್ಷರು, ಇನ್ನು ಕೆಲವರು.

"ಅಕ್ಕ, ಮ್ಯೂಸಿಯಂ ಕ್ಲೋಸಾ?" ಎಂದರು ಅಧ್ಯಕ್ಷರು ಏದುಸಿರು ಬಿಡುತ್ತಾ. ಅಳಿಯನ ಕಡೆ ತಿರುಗಿ, "ಪಾರ್ಕಿಗೇ ಹೋಗಿದ್ದರೆ ಆಗ್ತಿತ್ತಲ್ಲ. ನಾಳೆ ಸಕ್ರಾಬ್‌ನವರಿಗೆ ಫೋನ್ ಮಾಡಿ, ಅವರೇ ಎಳ್ಕೊಂಡು ಹೋಗ್ತಾರೆ," ಎಂದರು.

ಅಳಿಯ ಬಟ್ಟೆ ಹಿಡಿದು ಬಾನೆಟ್ ಎತ್ತಿದರು. ಹಬೆ ಇಳಿಯುವವರೆಗೆ ನಿಂತರು. ಪೈಪು ಮುಟ್ಟಿ ನೋಡಿದರು, ಫ್ಯಾನು ನೋಡಿದರು. ಆಮೇಲೆ ಬಗ್ಗಿ ಒಳಗಿನಿಂದ ಮುಂದಕ್ಕೆ ನೋಡಿದರು, ಬಹಳ ಹೊತ್ತು. ಅವರ ಮುಖ ನನಗೆ ಕಾಣುತ್ತಿತ್ತು. ಏನೋ ಸಿಕ್ಕಿದೆ ಎಂದು ಗೊತ್ತಾಯಿತು. ಅವರು ಬಾನೆಟ್ ಮುಚ್ಚಿ ಸುಮ್ಮನಿದ್ದುಬಿಟ್ಟಿದ್ದರೆ ಗೆಲ್ಲುತ್ತಿದ್ದರು, ಯಾರಿಗೂ ಏನೂ ತಿಳಿಯುತ್ತಿರಲಿಲ್ಲ.

"ಅತ್ತೆ, ಇಲ್ಲಿ ಬನ್ನಿ," ಎಂದರು. "ರೇಡಿಯೇಟರ್ ಸರಿ ಇದೆ. ಅದಕ್ಕೆ ಗಾಳಿ ಹೋಗ್ತಿಲ್ಲ. ನೀವು ಇದರ ಮೂಗಿಗೆ ಗೋಣಿ ಕಟ್ಟಿದೀರ. ಹೈವೇಲಿ ವೇಗಕ್ಕೆ ಹೇಗೋ ನಡೀತು, ಇಲ್ಲಿ ನಿಧಾನಕ್ಕೆ ಹತ್ತುವಾಗ ಉಸಿರು ಕಟ್ಟಿದೆ."

"ಹೂ ತೆಗೆದರೆ ಹತ್ತುತ್ತದಾ?"

"ಹತ್ತಬಹುದು. ಗ್ಯಾರಂಟಿ ಕೊಡಲ್ಲ."

"ಆಯುಧಪೂಜೆಯ ಹೂ, ಅಕ್ಕ," ಎಂದರು ಅಧ್ಯಕ್ಷರು, ಈ ಸಲ ನಗದೆ. "ಕೈಯಾರೆ ಕೀಳುವುದು ಒಳ್ಳೆಯದಲ್ಲ. ಮಕ್ಕಳನ್ನು ಕೂರಿಸಿಕೊಂಡು ಬೇರೆ ಹೋಗ್ತೀರಿ."

ಅಮ್ಮ ಹೇಳಿದ್ದು ನನ್ನ ಕಿವಿಯಲ್ಲೂ ಇತ್ತು. ನಮ್ಮಮ್ಮ ಗಾಡಿ ಎಂದರೆ ಎತ್ತಿನ ಗಾಡಿ ನೋಡಿದವರು. ಎತ್ತಿಗೆ ಕೊರಳಿಗೆ ಕಟ್ಟುತ್ತಿದ್ದರೇ ಹೊರತು ಯಾರೂ ಮೂಗಿಗೆ ಕಟ್ಟಲಿಲ್ಲ. ತರಕಾರಿ ಹೆಚ್ಚುವ ಚೂರಿ ತಪಲೆಗಳ ನಡುವೆಯೇ ಇತ್ತು. ತೆಗೆದುಕೊಂಡು ಬಂದು ಗೋಣಿಪಟ್ಟಿಯ ಈ ತುದಿ ಕೊಯ್ದೆ, ಆ ತುದಿ ಕೊಯ್ದೆ. ಹೂವನ್ನು ನೆಲಕ್ಕೆ ಬಿಡಲಿಲ್ಲ. ಕಣ್ಣಿಗೊತ್ತಿಕೊಂಡು ಸಾಂಬಾರಿನ ತಪಲೆಯ ಕೊರಳಿಗೆ ಸುತ್ತಿದೆ. "ಪಾತ್ರೆಯೂ ಆಯುಧವೇ," ಎಂದೆ. "ನನ್ನ ಆಯುಧ ಇದು. ಇಷ್ಟು ವರ್ಷ ಇದಕ್ಕೆ ಯಾರೂ ಹೂ ಹಾಕಿಲ್ಲ. ಇವತ್ತು ಹಾಕಿದ್ದೇನೆ."

ಅಳಿಯ ತುಟಿಯೊಳಗೆ ನಕ್ಕದ್ದನ್ನು ನಾನು ನೋಡಿದೆ. ಎಂಜಿನು ಆರಿದ ಮೇಲೆ ಅವರೇ ನೀರು ತುಂಬಿದರು. ಹೆಂಗಸರು ಇಳಿದು ನಡೆಯುತ್ತೇವೆ ಎಂದರು. ಬೇಡ ಎಂದೆ. ಖಾಲಿ ಗಾಡಿ ಹತ್ತುವುದಾದರೆ ಅದಕ್ಕೆ ನಾನೇಕೆ ಬೇಕು? ಕೂತಿರಿ, ತಪಲೆ ಹಿಡಿದುಕೊಳ್ಳಿ.

ಅದು ಹತ್ತಿತು. ಸಣ್ಣ ಗೇರಿನಲ್ಲಿ, ಗೊಣಗುತ್ತಾ, ಒಂದೊಂದು ಕಲ್ಲನ್ನೂ ಹಿಡಿದು ಬಿಟ್ಟು, ಮೂರನೆಯ ತಿರುವು ದಾಟಿ, ಆಮೇಲಿನದ್ದನ್ನೂ ದಾಟಿ. ಮುಳ್ಳು ಕೆಂಪಿನ ಹತ್ತಿರ ಬರುವುದು, ಹಿಂದೆ ಸರಿಯುವುದು. ಖರ್ಜೂರದ ಮರಗಳ ತಲೆ ಮೊದಲು ಕಂಡಿತು, ಆಮೇಲೆ ನೀರು. ಯಾರೂ ಇಲ್ಲದ ನೀರು. ನಮಗಿಂತ ಮೊದಲು ಅಲ್ಲಿ ಒಂದು ಕುರ್ಚಿಯೂ ಇರಲಿಲ್ಲ. ನಮ್ಮ ಹೆಂಗಸರು ಅಷ್ಟು ವರ್ಷದಲ್ಲಿ ಮೊದಲ ಸಲ ಕದಡದ ನೀರಿಗೆ ಕಾಲು ಬಿಟ್ಟರು.

ನಾನು ಕಾಲು ಬಿಡಲಿಲ್ಲ, ಕೆಳಗೆ ಜನ ಇದ್ದರಲ್ಲ. ಚಾ ಕುಡಿಯಲಿಲ್ಲ, ಕುರ್ಚಿ ಹಾಕಿಸಲಿಲ್ಲ. ಕೂಡಲೇ ಗಾಡಿ ತಿರುಗಿಸಿದೆ. ಎಷ್ಟು ಹೊತ್ತು ಕಾಯಬೇಕು ಎಂದು ಗೊತ್ತಿಲ್ಲದೆ ಕಾಯುವುದು ಎಂಥದ್ದೆಂದು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಮೊಮ್ಮಗಳೂ ನೀರಿಗಿಳಿಯದೆ ನನ್ನ ಜೊತೆಗೇ ಬಂದಳು. ಡಾಂಬರು ಮುಗಿದಲ್ಲಿ ಅಧ್ಯಕ್ಷರು ಚಾಪೆಯ ಮೇಲೆ ಕೂತಿದ್ದರು. ಗಾಡಿ ನೋಡಿ ಎದ್ದು ಪ್ಯಾಂಟಿನ ಧೂಳು ಕೊಡವಿ ಮುಂದಿನ ಸೀಟಿನ ಹತ್ತಿರ ಬಂದರು.

"ಅಂಕಲ್, ದಿಸ್ ಈಸ್ ಮೈ ಸೀಟ್," ಎಂದಳು ಮೊಮ್ಮಗಳು.

"ಹೌದಾ ಪುಟ್ಟಿ," ಎಂದು ಅವರು ಹಿಂದೆ ಹೋಗಿ ನನ್ನ ಹಳೆಯ ಸೀರೆಯ ಹೊದಿಕೆಯ ಬೆಂಚಿನಲ್ಲಿ ಕೂತರು. ಅರ್ಧ ದಾರಿಯಲ್ಲಿ ಹಿಂದಿನಿಂದ ಅವರ ಮಾತು ಕೇಳಿತು, "ಸೀಟು ಗಟ್ಟಿ ಉಂಟು ಅಕ್ಕ, ಆದರೆ ಗಾಡಿ ಒಳ್ಳೆ ಎಳೀತದೆ." ಅದನ್ನು ನಾನು ಕೇಳಿಸಿಕೊಂಡೆ, ಉತ್ತರ ಕೊಡಲಿಲ್ಲ. ಇನ್ನೊಂದು ಸಲ ಹೇಳಲಿ ಎಂದು.

ಎಲ್ಲರನ್ನೂ ಮುಟ್ಟಿಸುವಷ್ಟರಲ್ಲಿ ಎಷ್ಟು ಟ್ರಿಪ್ಪಾಯಿತೋ ಎಣಿಸಲಿಲ್ಲ. ಸಂಜೆ ಅದೇ ರೀತಿ ಇಳಿಸಿದ್ದೂ ನಾನೇ. ಕೊನೆಯ ಟ್ರಿಪ್ಪಿನಲ್ಲಿ ಖಾಲಿ ತಪಲೆಗಳೂ ನಾವು ನಾಲ್ವರೂ ಮಾತ್ರ. ಸಾಂಬಾರಿನ ತಪಲೆಯ ಕೊರಳಲ್ಲಿ ಹೂ ಬಾಡಿತ್ತು, ಉದುರಿರಲಿಲ್ಲ. ಡಾಂಬರಿಗೆ ಬಂದ ಮೇಲೆ ಮೊಮ್ಮಗಳು ಇಳಿದು ಚಕ್ರದ ತಿರುಗಣೆಯನ್ನು ಹಿಂದಕ್ಕೆ ತಿರುಗಿಸಿ ಬಂದಳು.

ಅಳಿಯ ನನ್ನ ಬಾಗಿಲ ಹತ್ತಿರ ಬಂದು ನಿಂತರು. ಸ್ವಲ್ಪ ಹೊತ್ತು ಕನ್ನಡಿ ಒರೆಸಿದರು.

"ಅತ್ತೆ, ಮನೆ ತನಕ ನಾನು ಓಡಿಸ್ಲಾ? ನಮ್ಮ ಕಾರು ಅವಳು ತರ್ತಾಳೆ."

"ಕ್ಲಚ್ ಗಟ್ಟಿ ಉಂಟು. ನಿಮ್ಮ ಕೈಯಲ್ಲಿ ಆಗಲಿಕ್ಕಿಲ್ಲ," ಎಂದೆ, ಕೀಲಿ ಕೊಟ್ಟೆ.

ನಾನು ಹಿಂದೆ ಹೋಗಿ ಬೆಂಚಿನಲ್ಲಿ ಕೂತೆ, ಎದುರು ಬೆಂಚಿನಲ್ಲಿ ಮೊಮ್ಮಗಳು. ಮುಂದೆ ಅಳಿಯ ಒಂದು ಸಲ ಬಂದ್ ಹಾಕಿದರು. ನಾವಿಬ್ಬರೂ ನಗಲಿಲ್ಲ, ನಗದೆ ಇರಲು ಒಬ್ಬರ ಕಾಲನ್ನೊಬ್ಬರು ಒತ್ತಿ ಹಿಡಿದುಕೊಂಡೆವು. ಗಾಡಿ ಹೊರಟ ಮೇಲೆ ಅವಳು ಎದ್ದು ಈ ಕಡೆ ಬಂದು ನನಗೆ ಒರಗಿದಳು.

"ಅಜ್ಜಿ, ನಾವು ಎಲ್ಲಾ ಟ್ರಿಪ್ಪಿಗೂ ಹೋದ್ವಿ," ಎಂದಳು, ಕನ್ನಡದಲ್ಲೇ. ಕೈಯ ಮಸಿಯನ್ನು ನನ್ನ ಸೆರಗಿಗೆ ಒರೆಸಿ, ಬೌಷರಿನ ದೀಪಗಳು ಬರುವ ಮೊದಲೇ ನಿದ್ದೆ ಹೋದಳು. ಆ ಸೀರೆಯನ್ನು ನಾನು ಇನ್ನೂ ಒಗೆಯಲು ಹಾಕಿಲ್ಲ.